ಮಾಳಿಗೆಯಿಂದ ಬಚ್ಚಲಿನವರೆಗೆ: ಸೋಲಾರ್ ಬಿಸಿನೀರಿನ ಪೈಪು ಜೋಡಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಸೋಲಾರ್ ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ ಚಳಿಗಾಲದ ಮುಂಜಾನೆ ‘ನೀರ ಬಿಸಿನ ಬರವಲ್ವು’ ಎಂಬ ಮಾತು ಕೇಳುತ್ತದೆ. ಮಾಳಿಗೆ ಹತ್ತಿ ಟ್ಯಾಂಕಿನಿಂದ ಹೊರಡುವ ಪೈಪು ಮುಟ್ಟಿದರೆ ಕೈ ಸುಡುತ್ತದೆ. ಕೆಳಗೆ ಬಚ್ಚಲಿನ ನಳ ತಿರುವಿದರೆ ಗಾಳಿ ಬುಸುಗುಟ್ಟಿ ನಾಲ್ಕು ಹನಿ ಉದುರಿ ನಿಲ್ಲುತ್ತದೆ. ಕಾಯಿಸುವ ಕೆಲಸವನ್ನು ಬಿಸಿಲು ಮಾಡಿ ಮುಗಿಸಿದೆ. ತಂದು ಮುಟ್ಟಿಸುವಲ್ಲಿ ಪೈಪು ಸೋತಿದೆ.

ಸೋಲಾರ್ ಕೊಳ್ಳುವಾಗ ಟ್ಯೂಬು ಎಷ್ಟು, ಟ್ಯಾಂಕು ಯಾವುದು ಎಂದು ನಾಲ್ಕು ಅಂಗಡಿ ತಿರುಗುತ್ತೇವೆ. ಪೈಪಿನ ವಿಷಯ ಬಂದಾಗ ‘ಅದನ್ನ ಪ್ಲಂಬರ್ ನೋಡ್ಕೊಂತಾನ’ ಎಂದು ಬಿಟ್ಟುಬಿಡುತ್ತೇವೆ. ದೂರುಗಳ ಬಹುಪಾಲು ಹುಟ್ಟುವುದು ಈ 15-20 ಮೀಟರ್ ಪೈಪಿನಲ್ಲೇ. ಆದ್ದರಿಂದ ಇಲ್ಲಿ ಟ್ಯೂಬಿಗಿಂತ ಪೈಪಿಗೆ ಹೆಚ್ಚು ಜಾಗ ಕೊಟ್ಟಿದೆ. ಕೆಲಸ ನೀವೇ ಮಾಡಿದರೂ ಸರಿ, ಮಾಡುವವರ ಪಕ್ಕ ನಿಂತು ನೋಡಿಕೊಂಡರೂ ಸರಿ.

ಮೊದಲು ಎತ್ತರ, ಆಮೇಲೆ ಪೈಪು

ಮನೆಗಳಲ್ಲಿ ಹಾಕುವ ಸಾಮಾನ್ಯ ಸೋಲಾರಿಗೆ ಪಂಪ್ ಇಲ್ಲ. ತಣ್ಣೀರಿನ ಟ್ಯಾಂಕಿನಿಂದ ಇಳಿದ ನೀರು ಸೋಲಾರ್ ಟ್ಯಾಂಕಿನ ತಳಕ್ಕೆ ಹೋಗಿ, ಮೇಲಿರುವ ಬಿಸಿನೀರನ್ನು ಹೊರಗೆ ದೂಡುತ್ತದೆ. ಈ ದೂಡುವ ಬಲ ಬರುವುದು ಎತ್ತರದಿಂದ ಮಾತ್ರ. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ ಒತ್ತಡ ಎಂಬುದು ಲೆಕ್ಕ. ನಿಮ್ಮ ಟ್ಯಾಂಕಿನ ನೀರಿನ ಮಟ್ಟ ಷವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಕೆಜಿ ಅಷ್ಟೇ. ಇಷ್ಟು ಕಡಿಮೆ ಒತ್ತಡದಲ್ಲಿ ಪ್ರತಿ ತಿರುವು, ಪ್ರತಿ ವಾಲ್ವ್ ಲೆಕ್ಕಕ್ಕೆ ಬರುತ್ತದೆ. ಹೋಟೆಲಿನಲ್ಲಿ ನೋಡಿದ ಅಗಲವಾದ ಮಳೆ ಷವರು ಈ ಒತ್ತಡಕ್ಕೆ ಓಡುವುದಿಲ್ಲ.

ಬಿಸಿಲು ಹೀರಿ ನೀರು ಕಾಯಿಸುವ 1800 ಮಿಮೀ ಉದ್ದದ ಗಾಜಿನ ಟ್ಯೂಬನ್ನು 30 ಡಿಗ್ರಿ ಓರೆ ಮಾಡಿ ನಿಲ್ಲಿಸಿದರೆ ಅದರ ತಲೆ ಸುಮಾರು 90 ಸೆಂಮೀ ಎತ್ತರಕ್ಕೆ ಬರುತ್ತದೆ. ಅದರ ಮೇಲೆ ಟ್ಯಾಂಕಿನ ದಪ್ಪ, ಕೆಳಗೆ ಸ್ಟ್ಯಾಂಡಿನ ಕಾಲು ಸೇರಿಸಿ. ಸೋಲಾರ್ ಟ್ಯಾಂಕಿನ ನೆತ್ತಿ ಹತ್ತಿರ ಹತ್ತಿರ ಐದು ಅಡಿ. ತಣ್ಣೀರಿನ ಟ್ಯಾಂಕಿನ ತಳ ಇದಕ್ಕಿಂತ ಒಂದು ಅಡಿಯಾದರೂ ಮೇಲಿರಬೇಕು. ಅಂದರೆ ಮಾಳಿಗೆಯಿಂದ ಆರು ಅಡಿ ಎತ್ತರದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಬೇಕು. ಟ್ಯಾಂಕು ಮಾಳಿಗೆಯ ಮೇಲೆ ನೇರವಾಗಿ ಕೂತಿರುವ ಮನೆಯಲ್ಲಿ ಮೊದಲ ಖರ್ಚು ಇದೇ. ಇದನ್ನು ಉಳಿಸಲು ಹೋದವರಿಗೆ ಟ್ಯಾಂಕು ಅರ್ಧವಾದ ಕೂಡಲೇ ಬಿಸಿನೀರು ನಿಲ್ಲುತ್ತದೆ.

ತೂಕ ಮರೆಯಬೇಡಿ. 200 ಲೀಟರಿನ ಸೋಲಾರ್ ಎಂದರೆ ನೀರೇ 200 ಕೆಜಿ. ಆರ್‌ಸಿಸಿ ಮಾಳಿಗೆಗೆ ಇದು ದೊಡ್ಡದಲ್ಲ. ತೊಲೆ, ಜಂತೆ ಹಾಕಿ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆಯ ಮನೆಗಳು ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಇನ್ನೂ ಇವೆ. ಅವುಗಳ ನಡುವೆ ಈ ಭಾರ ಇಡಲೇಬಾರದು. ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ ಹಾಕಿಸಿ ಅದರ ಮೇಲೆ ಕೂಡಿಸಿ, ಇಲ್ಲವೇ ಪಕ್ಕದ ಆರ್‌ಸಿಸಿ ಬಚ್ಚಲಿನ ಮೇಲಿಡಿ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ಕಾಂಕ್ರೀಟ್ ಗುಂಡು ಹಾಕಿ ಬೋಲ್ಟ್ ಬಿಗಿಯಿರಿ. ಮುಂಗಾರಿಗೆ ಮುಂಚಿನ ಬಿರುಗಾಳಿ ಖಾಲಿ ಸೋಲಾರನ್ನು ಅನಾಮತ್ತಾಗಿ ಎತ್ತಿ ಒಗೆಯುತ್ತದೆ.

ಮುಖ ದಕ್ಷಿಣಕ್ಕೆ. ಈ ಮೂರೂ ಊರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ನಮಗೆ ಬಿಸಿನೀರು ಬೇಕಾಗುವುದು ಚಳಿಗಾಲದಲ್ಲಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಅಕ್ಷಾಂಶಕ್ಕೆ 10-15 ಡಿಗ್ರಿ ಸೇರಿಸಿ 25ರಿಂದ 30 ಡಿಗ್ರಿ ಓರೆ ಇಟ್ಟರೆ ಸರಿ.

ನಿಮ್ಮ ನೀರು ಯಾವುದು?

ಟ್ಯೂಬಿನ ಸೋಲಾರೋ ತಗಡಿನ ಪ್ಯಾನೆಲ್ಲಿನ ಸೋಲಾರೋ ಎಂಬುದನ್ನು ನಿಮ್ಮ ನೀರು ನಿರ್ಧರಿಸಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರು ಬಳಸುವವರಿಗೆ ಗಡಸುತನದ ಕಾಟ ಕಡಿಮೆ, ಮಳೆಗಾಲದಲ್ಲಿ ರಾಡಿಯ ಕಾಟ ಹೆಚ್ಚು. ಬೋರಿನ ನೀರಿನವರ ಪಾಡು ತಿರುವುಮುರುವು: ನೋಡಲು ತಿಳಿಯಾಗಿರುತ್ತದೆ, ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ.

ಆ ಬಿಳಿಯದು ಸುಣ್ಣ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿ ತಾಗಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟುತ್ತದೆ. 60 ಡಿಗ್ರಿ ದಾಟಿದ ಮೇಲೆ ಇದರ ವೇಗ ಜೋರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನೀರಿನ ಅಂಗಡಿಯವರು ಅದ್ದಿ ತೋರಿಸುವ ಟಿಡಿಎಸ್ ಮೀಟರಿನ ಅಂಕಿ ಗಡಸುತನವಲ್ಲ. ಅದು ಕರಗಿದ ಎಲ್ಲ ಲವಣಗಳ ಒಟ್ಟು. ಗಡಸುತನ ಅಳೆಯಲು ಹನಿ ಹಾಕಿ ಬಣ್ಣ ನೋಡುವ ಚಿಕ್ಕ ಕಿಟ್ ಸಿಗುತ್ತದೆ, ಅದನ್ನೇ ಬಳಸಿ.

ತಗಡಿನ ಪ್ಯಾನೆಲ್ಲಿನ ಒಳಗಿರುವುದು ಅರ್ಧ ಇಂಚಿನ ತಾಮ್ರದ ಸಣ್ಣ ಕೊಳವೆಗಳು. ಗಡಸು ನೀರು ಅವನ್ನು ಕೆಲವೇ ವರ್ಷಗಳಲ್ಲಿ ಕಟ್ಟಿಹಾಕುತ್ತದೆ. ಗಾಜಿನ ಟ್ಯೂಬು ಅಗಲ, ಸುಣ್ಣ ಬುಡಕ್ಕೆ ಇಳಿದು ಕೂತರೂ ಕಳಚಿ ತೊಳೆಯಬಹುದು. ಆದ್ದರಿಂದ ಬೋರಿನ ನೀರಿಗೆ ಟ್ಯೂಬೇ ಮೇಲು. ಒಳಟ್ಯಾಂಕು ಬರೀ ಸ್ಟೀಲಿನದಾದರೆ ಉಪ್ಪು ಹೆಚ್ಚಿರುವ ನೀರು ಅದಕ್ಕೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಗಾಜಿನ ಲೇಪದ ಒಳಟ್ಯಾಂಕು ತಗೊಳ್ಳಿ. ಆನೆಗೊಂದಿ, ಹಂಪಿಯ ಸುತ್ತಿನವರಿಗೆ ಮಾತ್ರ ಟ್ಯೂಬಿನ ಜೊತೆ ಇನ್ನೊಂದು ಖರ್ಚಿದೆ: ಮಂಗಗಳು ಹತ್ತಿ ಕುಣಿಯದಂತೆ ಮೇಲೊಂದು ತಂತಿ ಜಾಲರಿ.

ಅಳತೆಗೆ, ಮೂರು-ನಾಲ್ಕು ಮಂದಿಗೆ 100 ಲೀಟರ್, ಆರೇಳು ಮಂದಿಗೆ 200. ಪ್ರತಿ 100 ಲೀಟರಿಗೆ 58 ಮಿಮೀ ದಪ್ಪದ, 1800 ಮಿಮೀ ಉದ್ದದ ಹತ್ತರ ಆಸುಪಾಸಿನ ಟ್ಯೂಬು ಬೇಕು.

ಪೈಪಿನ ಆಯ್ಕೆ

ತಣ್ಣೀರಿಗೆ ಹಾಕುವ ಬಿಳಿ ಯುಪಿವಿಸಿ ಪೈಪನ್ನು ಬಿಸಿನೀರಿಗೆ ಹಾಕಬೇಡಿ. 60 ಡಿಗ್ರಿಯಲ್ಲಿ ಅದು ಮೆತ್ತಗಾಗಿ ಜೋತುಬೀಳುತ್ತದೆ, ಕೀಲು ಬಿಡುತ್ತದೆ. ಬಿಸಿನೀರಿಗೆ ಕೆನೆ ಬಣ್ಣದ ಸಿಪಿವಿಸಿ. ಪೈಪಿನ ಮೈಮೇಲೆ ಐಎಸ್ 15778 ಮತ್ತು ಎಸ್‌ಡಿಆರ್ 11 ಎಂದು ಅಚ್ಚಾಗಿರಬೇಕು. ಎಸ್‌ಡಿಆರ್ ಎಂದರೆ ಹೊರ ಅಳತೆಯನ್ನು ಗೋಡೆಯ ದಪ್ಪದಿಂದ ಭಾಗಿಸಿದ ಸಂಖ್ಯೆ, 13.5 ಎಂದಿದ್ದರೆ ಪೈಪು ತೆಳುವು. ನೋಡಲು ಎರಡೂ ಒಂದೇ ಥರ, ಬೆಲೆ ಮಾತ್ರ ಬೇರೆ. ಬಿಲ್ ಆದ ಮೇಲೆ ಅಚ್ಚು ಓದಿಯೇ ಒಪ್ಪಿಕೊಳ್ಳಿ.

ಸಿಪಿವಿಸಿ 82 ಡಿಗ್ರಿಯ ಬಿಸಿಗೆಂದು ಲೆಕ್ಕ ಹಾಕಿ ಮಾಡಿದ ಪೈಪು. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ದಿನ ಮನೆ ಬೀಗ ಹಾಕಿ ಹೋದರೆ ರಾಯಚೂರಿನ ಬಿಸಿಲಿಗೆ ಸೋಲಾರಿನ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ಸೋಲಾರ್ ಟ್ಯಾಂಕಿನ ಬಾಯಿಂದ ಮೊದಲ ಒಂದು ಮೀಟರ್ ಬಿಸಿ ಪೈಪು, ತಣ್ಣೀರು ಒಳಹೋಗುವ ಕೊನೆಯ ಒಂದೂವರೆ ಅಡಿ, ಇವೆರಡೂ ಜಿಐ (ಸತು ಲೇಪದ ಕಬ್ಬಿಣ) ಆಗಿರಲಿ. ತಣ್ಣೀರಿನ ಕಡೆ ಯಾಕೆ ಎಂದರೆ, ನೀರು ಓಡದೆ ನಿಂತಾಗ ಟ್ಯಾಂಕಿನ ಬಿಸಿ ಆ ಬಾಯಿಂದಲೂ ಹಿಂದಕ್ಕೆ ಹರಿದು ಪೈಪನ್ನು ಬಾಗಿಸುತ್ತದೆ.

ಗಾತ್ರದ ವಿಷಯದಲ್ಲಿ ಎರಡು ಬೇಡಿಕೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಪೈಪು ದಪ್ಪವಾದಷ್ಟೂ ಧಾರೆ ಚೆನ್ನ. ಆದರೆ ರಾತ್ರಿಯಿಡೀ ಅದರಲ್ಲಿ ನಿಂತು ತಣ್ಣಗಾದ ನೀರನ್ನು ಮುಂಜಾನೆ ಚೆಲ್ಲಿದ ಮೇಲೆಯೇ ಬಿಸಿನೀರು. ಎಸ್‌ಡಿಆರ್ 11 ಪೈಪಿನಲ್ಲಿ ಮೀಟರಿಗೆ ನಿಲ್ಲುವ ನೀರು ಅರ್ಧ ಇಂಚಿಗೆ 0.12 ಲೀಟರ್, ಮುಕ್ಕಾಲು ಇಂಚಿಗೆ 0.25, ಒಂದು ಇಂಚಿಗೆ 0.43. 15 ಮೀಟರ್ ಓಟದಲ್ಲಿ ಮುಕ್ಕಾಲು ಇಂಚಿನಲ್ಲಿ ನಾಲ್ಕು ಲೀಟರಿನ ಹತ್ತಿರ ಚೆಲ್ಲಬೇಕು, ಒಂದು ಇಂಚಿನಲ್ಲಿ ಆರೂವರೆ. ಒಂದೇ ಬಚ್ಚಲಿಗೆ ಮುಕ್ಕಾಲು ಇಂಚು ಸಾಕು. ಎರಡು ಬಚ್ಚಲು ಮತ್ತು ಅಡುಗೆಮನೆಗೆ ಕವಲೊಡೆಯುವವರೆಗೆ ಒಂದು ಇಂಚು, ಆಮೇಲೆ ಮುಕ್ಕಾಲು, ನಳದ ಹತ್ತಿರದ ಕೊನೆಯ ಒಂದು ಮೀಟರ್ ಮಾತ್ರ ಅರ್ಧ ಇಂಚು. ಇದಕ್ಕಿಂತ ದೊಡ್ಡ ಉಳಿತಾಯ ಸೋಲಾರನ್ನು ಬಚ್ಚಲಿನ ನೇರ ಮೇಲಕ್ಕೆ ಇಡುವುದರಲ್ಲಿದೆ. ಮಾಳಿಗೆಯ ಆ ಮೂಲೆಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳದಿದ್ದರೆ ಬೇರೆ ಜಾಗ ಹುಡುಕಲೇಬೇಡಿ.

ಕೆಳಗಿನ ಅಂತಸ್ತಿನಲ್ಲಿ ಎರಡು ಬಚ್ಚಲು, ಒಂದು ಅಡುಗೆಮನೆ ಇರುವ ಮನೆಗೆ ತರಬೇಕಾದ ಸಾಮಾನು ಅಂದಾಜಿಗೆ ಹೀಗಿರಲಿ. ಸಿಪಿವಿಸಿ ಒಂದು ಇಂಚು 3 ಮೀಟರಿನ 4 ತುಂಡು, ಮುಕ್ಕಾಲು ಇಂಚು 5 ತುಂಡು, ಅರ್ಧ ಇಂಚು 2 ತುಂಡು. ಒಂದು ಇಂಚಿನ ಬಾಲ್ ವಾಲ್ವ್ 2, ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಿ ಕೂಡಿಸುವ ಕೀಲು) 3. ಕೊಳೆ ಬಿಡಲು ಮುಕ್ಕಾಲು ಇಂಚಿನ ವಾಲ್ವ್ 1. ಸಿಂಟೆಕ್ಸ್ ಟ್ಯಾಂಕಿಗೆ ಒಂದು ಇಂಚಿನ ಟ್ಯಾಂಕ್ ನಿಪ್ಪಲ್ 1. ಹಿತ್ತಾಳೆ ಹಲ್ಲಿನ ಎಲ್ಬೋ (ತಿರುವಿನ ತುಂಡು) ನಳಕ್ಕೊಂದರಂತೆ. ಕ್ಲಾಂಪು 30. ಸಿಪಿವಿಸಿಯದೇ ಸಾಲ್ವೆಂಟ್ ಅಂಟು, ಟೆಫ್ಲಾನ್ ಟೇಪು, ಮಾಳಿಗೆಯ ಮೇಲಿನ ಬಿಸಿ ಪೈಪಿನ ಉದ್ದದಷ್ಟು ಕಪ್ಪು ನೈಟ್ರೈಲ್ ರಬ್ಬರಿನ ತೋಳು (ಬಿಸಿ ಆರದಂತೆ ಪೈಪಿಗೆ ಏರಿಸುವ ಹೊದಿಕೆ). ಎಲ್ಬೋ, ಟೀ (ಮೂರು ಬಾಯಿಯ ಕವಲು ತುಂಡು) ಎಣಿಸಿದ್ದಕ್ಕಿಂತ ಎರಡೆರಡು ಹೆಚ್ಚೇ ತನ್ನಿ. ಅರ್ಧಕ್ಕೆ ಕೆಲಸ ನಿಲ್ಲಿಸಿ ಪೇಟೆಗೆ ಓಡುವುದು ತಪ್ಪುತ್ತದೆ.

ತಣ್ಣೀರಿನ ಸಾಲು

ತಣ್ಣೀರಿನ ಟ್ಯಾಂಕಿನಿಂದ ಸೋಲಾರಿಗೆ ಬೇರೆಯದೇ ತೂತು, ಬೇರೆಯದೇ ಪೈಪು. ಬಚ್ಚಲಿನ ತಣ್ಣೀರಿನ ಸಾಲಿನಿಂದ ಟೀ ಹೊಡೆದು ಕೊಟ್ಟರೆ, ಟ್ಯಾಂಕಿನಲ್ಲಿ ನೀರು ಇಳಿದಾಗ ಕೆಳಗಿನ ನಳ ಸೋಲಾರಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ, ತಣ್ಣೀರಿನ ನಳದಲ್ಲಿ ಬಿಸಿನೀರು ಬರುತ್ತದೆ.

ತೂತು ಎಷ್ಟು ಎತ್ತರಕ್ಕೆ ಎಂಬುದರಲ್ಲಿ ಜೀವ ಕಾಯುವ ಒಂದು ಸೂಕ್ಷ್ಮವಿದೆ. ಬಚ್ಚಲಿನ ತಣ್ಣೀರಿನ ತೂತಿಗಿಂತ ಸೋಲಾರಿನ ತೂತು ಎರಡು ಇಂಚು ಮೇಲಿರಲಿ. ಟ್ಯಾಂಕು ಖಾಲಿಯಾಗುತ್ತ ಬಂದಾಗ ಮೊದಲು ಬಿಸಿನೀರು ನಿಲ್ಲಬೇಕು, ತಣ್ಣೀರು ಕೊನೆಯವರೆಗೆ ಬರಬೇಕು. ತಿರುವುಮುರುವಾದರೆ ಷವರಿನ ಕೆಳಗೆ ನಿಂತ ಕೂಸಿನ ಮೇಲೆ ಬರೀ ಸುಡುನೀರು ಸುರಿಯುತ್ತದೆ. 60 ಡಿಗ್ರಿಯ ನೀರು ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಬಿಸಿನೀರು ಹೋಗುವ ಬಾಯಿ ಸೋಲಾರ್ ಟ್ಯಾಂಕಿನ ಮೇಲ್ಭಾಗದಲ್ಲಿ ಇರುವುದರಿಂದ ತಣ್ಣೀರು ಬರುವುದು ನಿಂತರೂ ಟ್ಯೂಬು ಬರಿದಾಗುವುದಿಲ್ಲ. ಎತ್ತರದ ತೂತಿನಿಂದ ಇನ್ನೊಂದು ಲಾಭ, ಕಾಲುವೆ ನೀರಿನ ರಾಡಿ ತಳದಲ್ಲೇ ಉಳಿಯುತ್ತದೆ.

ನಿಪ್ಪಲ್ಲಿನಿಂದ ಹೊರಟ ಕೂಡಲೇ ಒಂದು ಬಾಲ್ ವಾಲ್ವ್, ಅದರ ಪಕ್ಕ ಯೂನಿಯನ್. ಪೈಪನ್ನು ಸೋಲಾರ್ ಟ್ಯಾಂಕಿನ ತಣ್ಣೀರಿನ ಬಾಯಿಗಿಂತ ಒಂದೆರಡು ಅಡಿ ಕೆಳಗೆ ಇಳಿಸಿ, ಮತ್ತೆ ಮೇಲೇರಿಸಿ ಕೂಡಿಸಿ. ಬಿಸಿನೀರು ಹಗುರ, ಕೆಳಗೆ ಇಳಿಯಲಾರದು; ಈ ತಗ್ಗೇ ಅದನ್ನು ತಡೆಯುತ್ತದೆ. ತಗ್ಗಿನ ತಳದಲ್ಲಿ ಟೀ ಹಾಕಿ ಕೊಳೆ ಬಿಡುವ ವಾಲ್ವ್ ಕೂಡಿಸಿ.

ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಬೇಕೇ? ಬೇರೆ ಸಾಲು, ಸರಿಯಾದ ತಗ್ಗು ಎರಡೂ ಇದ್ದರೆ ಹೆಚ್ಚಿನ ಮನೆಗಳಿಗೆ ಬೇಡ. ಕಂಪನಿಯವರು ಹಾಕಲೇಬೇಕೆಂದರೆ ಒಳಗೆ ರೆಪ್ಪೆಯಂತೆ ತೆರೆಯುವ ಥರದ್ದು ಹಾಕಿ, ಬಾಣದ ಗುರುತು ಸೋಲಾರಿನ ಕಡೆಗಿರಲಿ. ಸ್ಪ್ರಿಂಗ್ ಇರುವುದು ಬೇಡ. ನಮ್ಮ ಅಷ್ಟಿಷ್ಟು ಒತ್ತಡದಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ತಿಂದುಹಾಕುತ್ತದೆ.

ಗಾಳಿ ಪೈಪು: ಇದಕ್ಕೆ ವಾಲ್ವ್ ಇಲ್ಲ, ಮುಚ್ಚಳ ಇಲ್ಲ

ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಆಕಾಶಕ್ಕೆ ಹೋಗುವ ಈ ಮುಕ್ಕಾಲು ಇಂಚಿನ ಪೈಪು ಎರಡು ಕೆಲಸ ಮಾಡುತ್ತದೆ. ಕಾದು ಹಿಗ್ಗಿದ ನೀರಿಗೂ ಹಬೆಗೂ ದಾರಿ ಬಿಡುವುದು ಒಂದು. ನೀರು ಕೆಳಗೆ ಎಳೆದಾಗ ಗಾಳಿ ಒಳಬಿಟ್ಟು ಟ್ಯಾಂಕು ಚಪ್ಪಟೆಯಾಗದಂತೆ ಕಾಯುವುದು ಇನ್ನೊಂದು. ಒಳಟ್ಯಾಂಕಿನ ತಗಡು ತೆಳು. ಗಾಳಿ ಪೈಪಿನ ಬಾಯಿಗೆ ಕಣಜ ಗೂಡು ಕಟ್ಟಿದರೆ ಸಾಕು, ಖಾಲಿ ಡಬ್ಬಿ ಹಿಂಡಿದಂತೆ ಟ್ಯಾಂಕು ಒಳಕ್ಕೆ ಮಡಚಿಕೊಳ್ಳುತ್ತದೆ.

ಎತ್ತರ: ತಣ್ಣೀರಿನ ಟ್ಯಾಂಕಿನ ಮುಚ್ಚಳಕ್ಕಿಂತ ಒಂದು ಅಡಿ ಮೇಲೆ. ನೀರಿನ ಮಟ್ಟಕ್ಕೆ ಸರಿಸಮ ಇಟ್ಟರೆ ಆಗದೇ ಎಂದು ಕೇಳಬಹುದು. ಬಿಸಿನೀರು ತಣ್ಣೀರಿಗಿಂತ ಹಗುರ. 90 ಡಿಗ್ರಿಯ ನೀರು 30 ಡಿಗ್ರಿಯ ನೀರಿಗಿಂತ ಸುಮಾರು ನೂರಕ್ಕೆ 3ರಷ್ಟು ಹಗುರವಾಗಿರುತ್ತದೆ. ಎರಡು ಮೀಟರ್ ಸಾಲಿಗೆ ಅದು 6 ಸೆಂಮೀ ಹೆಚ್ಚಿಗೆ ಏರಿ ನಿಲ್ಲುತ್ತದೆ. ಹಬೆಯ ಜೋರಿಗೆ ಇನ್ನಷ್ಟು. ಗಿಡ್ಡ ಪೈಪು ಹಗಲೆಲ್ಲ ಕಾಯಿಸಿದ ನೀರನ್ನು ಮಾಳಿಗೆಗೆ ಚೆಲ್ಲುತ್ತದೆ. ಬಾಯನ್ನು ಕೆಳಮುಖವಾಗಿ ಬಗ್ಗಿಸಿ, ಮೇಲೆ ಸ್ಟೀಲಿನ ಜಾಳು ಜಾಲರಿ ಕಟ್ಟಿ, ಗಾಳಿಗೆ ತೂಗಾಡದಂತೆ ಟ್ಯಾಂಕಿನ ಸ್ಟ್ಯಾಂಡಿಗೆ ಎರಡು ಕಡೆ ಬಿಗಿಯಿರಿ.

ಬಿಸಿನೀರಿನ ಸಾಲು

ಒಂದೇ ಸೂತ್ರ: ಇಳಿಯಲು ಶುರುವಾದ ಪೈಪು ಮತ್ತೆ ಮೇಲೇಳಬಾರದು. ಎಲ್ಲಿ ಏರಿ ಇಳಿಯುತ್ತದೋ ಅಲ್ಲಿ ಗುಬ್ಬಚ್ಚಿ ಮರಿಯಷ್ಟು ಗಾಳಿ ಕೂತರೂ ಸಾಲು ನಿಂತುಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ತಪ್ಪು ಆಗುವುದು ಮಾಳಿಗೆಯ ಕೈಪಿಡಿ ಗೋಡೆಯ ಬಳಿ. ಗೋಡೆ ಕೊರೆಯಲು ಬೇಸರಪಟ್ಟು ಪೈಪನ್ನು ಅದರ ತಲೆಯ ಮೇಲಿಂದ ಹತ್ತಿಸಿ ಹೊರಗೆ ಇಳಿಬಿಡುತ್ತಾರೆ. ಬುಡದಲ್ಲಿ ತೂತು ಕೊರೆಸಿ, ಅಲ್ಲಿಂದ ಹೊರಗೆ ತನ್ನಿ. ಹಾದಿಯೇ ಇಲ್ಲದೆ ಮೇಲೆ ಹೋಗಲೇಬೇಕಾದರೆ ಅತಿ ಎತ್ತರದ ಜಾಗದಲ್ಲಿ ಇನ್ನೊಂದು ಗಾಳಿ ಪೈಪು ನಿಲ್ಲಿಸಬೇಕು. ಮಾಳಿಗೆಯ ಮೇಲಿನ ಓಟಕ್ಕೆ ಮೀಟರಿಗೆ ಒಂದು ಸೆಂಮೀ ಇಳಿಜಾರು ಕೊಡಿ, ಮಟ್ಟದ ಪೈಪಿನಿಂದ ಅಳೆದು. ಜಾಗವಿದ್ದಲ್ಲಿ ಒಂದು 90ರ ಎಲ್ಬೋ ಬದಲು ಎರಡು 45ರವು ಹಾಕಿದರೆ ಧಾರೆ ಚುರುಕು.

ಬಿಸಿಗೆ ಪೈಪು ಹಿಗ್ಗುತ್ತದೆ. ಸಿಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.06 ಮಿಮೀ. 10 ಮೀಟರ್ ಉದ್ದ, 50 ಡಿಗ್ರಿ ವ್ಯತ್ಯಾಸ ಎಂದರೆ 30 ಮಿಮೀ, ಅಂದರೆ ಎರಡು ಬೆರಳಿನ ಹತ್ತಿರ. ಅಷ್ಟೇ ಜಿಐ ಪೈಪು 6 ಮಿಮೀ ಹಿಗ್ಗುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ಸಿಪಿವಿಸಿ ಹಾವಿನಂತೆ ಸೊಟ್ಟಗಾಗಿ, ದಿನದಿನವೂ ಎಳೆದು ತಳ್ಳಿ ಎಲ್ಬೋ ಕೀಲನ್ನು ಸೀಳುತ್ತದೆ. 10 ಮೀಟರಿನ ನೇರ ಓಟವಿದ್ದರೆ ನಡುವೆ ಒಂದು ಚೌಕ ಬಳಸು ಕೊಡಿ: ಪಕ್ಕಕ್ಕೆ 30 ಸೆಂಮೀ, ಮುಂದಕ್ಕೆ 15, ಮತ್ತೆ ವಾಪಸ್ 30. ಈ ಬಳಸನ್ನು ನೆಲಕ್ಕೆ ಸಮವಾಗಿ ಮಲಗಿಸಬೇಕು. ನಿಲ್ಲಿಸಿದರೆ ಅದೇ ಗಾಳಿಯ ಗೂಡಾಗುತ್ತದೆ. ಕ್ಲಾಂಪು ಮೂರು ಅಡಿಗೊಂದು, ಪೈಪು ಜಾರಾಡುವಷ್ಟು ಸಡಿಲ. ಸ್ಲ್ಯಾಬು, ಗೋಡೆ ದಾಟುವಲ್ಲಿ ಒಂದು ಅಳತೆ ದೊಡ್ಡ ಪೈಪಿನ ತುಂಡನ್ನು ತೋಳಿನಂತೆ ಹಾಕಿ ಅದರೊಳಗಿಂದ ಬಿಡಿ.

ಕೀಲು ಹಾಕುವ ಬಗೆ

ನಮ್ಮ ಬಿಸಿಲಿನಲ್ಲಿ ಈ ಕೆಲಸ ಮುಂಜಾನೆ ಮಾಡಬೇಕು. ಮಧ್ಯಾಹ್ನ ಮಾಳಿಗೆಯ ಮೇಲೆ ಬಿದ್ದಿದ್ದ ಪೈಪಿಗೆ ಸಾಲ್ವೆಂಟ್ ಹಚ್ಚಿದರೆ ಕೂಡಿಸುವ ಮೊದಲೇ ಒಣಗುತ್ತದೆ, ಮೇಲೆ ಅಂಟಿದಂತೆ ಕಂಡು ಒಳಗೆ ಹಸಿಹುಸಿಯಾಗುತ್ತದೆ. ಪೈಪನ್ನು ನೆರಳಿನಲ್ಲಿಡಿ. ಬಿಸಿಯಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ.

ಪೈಪನ್ನು ನೇರಕ್ಕೆ ಕತ್ತರಿಸಿ. ಒಳಗಿನ ಹೊರಗಿನ ಸಿಬಿರು ಕೆರೆದು ತೆಗೆದು ಅಂಚನ್ನು ತುಸು ಓರೆ ಮಾಡಿ. ಒಣದಾಗಿ ಕೂಡಿಸಿ ನೋಡಿ: ಪೈಪು ಫಿಟ್ಟಿಂಗಿನೊಳಗೆ ಅರ್ಧದಿಂದ ಮುಕ್ಕಾಲಿನ ನಡುವೆ ಬಿಗಿ ಹಿಡಿಯಬೇಕು. ತಳದವರೆಗೆ ಸಲೀಸಾಗಿ ಜಾರಿದರೆ ಆ ಫಿಟ್ಟಿಂಗ್ ಬೇಡ. ಪೈಪಿಗೆ ಧಾರಾಳವಾಗಿ, ಫಿಟ್ಟಿಂಗಿಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುವುತ್ತ ಒತ್ತಿ, 30 ಸೆಕೆಂಡು ಹಿಡಿದುಕೊಳ್ಳಿ. ಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಸುತ್ತಲೂ ಸಣ್ಣ ಮಣಿಸರದಂತೆ ಸಾಲ್ವೆಂಟ್ ಉಬ್ಬಿದ್ದರೆ ಕೀಲು ಸರಿ. ಒಂದು ಕಡೆ ಕಾಣದಿದ್ದರೆ ಅಲ್ಲೇ ಸೋರುತ್ತದೆ. ಫಿಟ್ಟಿಂಗಿನೊಳಗೆ ಸುರಿದಷ್ಟು ಒಳ್ಳೆಯದು ಎಂಬುದು ತಪ್ಪು. ಹೆಚ್ಚಿದ್ದು ಒಳಗೆ ಕೆಸರಾಗಿ ನಿಂತು ಪೈಪಿನ ಗೋಡೆಯನ್ನು ಮೆದುಮಾಡುತ್ತದೆ, ದಾರಿಯನ್ನೂ ಕಿರಿದುಮಾಡುತ್ತದೆ. ಬಿಸಿನೀರು ಬಿಡಲು 24 ಗಂಟೆ ಕಾಯಿರಿ.

ಹಲ್ಲಿನ ಕೀಲುಗಳಿಗೆ ಬಿಸಿ ಸಾಲಿನಲ್ಲಿ ಹಿತ್ತಾಳೆ ಹಲ್ಲಿನ ಫಿಟ್ಟಿಂಗೇ ಬೇಕು. ಪ್ಲಾಸ್ಟಿಕ್ ಹಲ್ಲು ಬಿಸಿಗೆ ಸಡಿಲಗೊಂಡು ಜಿನುಗುತ್ತದೆ. ಜಿಐಗೆ ಸುತ್ತುವ ಸಣಬು, ಸಫೇದ, ಎಣ್ಣೆ, ಗ್ರೀಸು ಯಾವುದನ್ನೂ ಸಿಪಿವಿಸಿಯ ಹತ್ತಿರ ತರಬೇಡಿ. ಎಣ್ಣೆಯಂಶ ಸಿಪಿವಿಸಿಯನ್ನು ಒಳಗಿಂದೊಳಗೆ ಬಿರುಕು ಬಿಡಿಸುತ್ತದೆ, ವರ್ಷವಾದ ಮೇಲೆ ಗೋಡೆಯೊಳಗೆ ಒಡೆಯುತ್ತದೆ. ಟೆಫ್ಲಾನ್ ಟೇಪು ಎಂಟತ್ತು ಸುತ್ತು ಸಾಕು.

ಬಚ್ಚಲಿನ ಗೋಡೆಯಲ್ಲಿ ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ. ಮಿಕ್ಸರಿನ ಎರಡು ಬಾಯಿಗಳ ನಡುವೆ ಸಾಮಾನ್ಯವಾಗಿ 150 ಮಿಮೀ. ಆದರೂ ಮಿಕ್ಸರನ್ನು ಕೈಯಲ್ಲಿ ಹಿಡಿದು ಅಳೆದೇ ಗುರುತು ಹಾಕಿ. ಗೌಂಡಿ ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ 6ರಿಂದ 10 ಕೆಜಿ ಒತ್ತಡ ಕೊಟ್ಟು ಎರಡು ಗಂಟೆ ಮುಳ್ಳು ಕದಲದೆ ನಿಲ್ಲುತ್ತದೆಯೇ ನೋಡಿ. ಆ ಹೊತ್ತಿನಲ್ಲಿ ಸೋಲಾರ್ ಟ್ಯಾಂಕನ್ನು ಸಾಲಿನಿಂದ ಕಡ್ಡಾಯವಾಗಿ ಬಿಚ್ಚಿಟ್ಟಿರಬೇಕು. ಬಾಯಿ ತೆರೆದ ಟ್ಯಾಂಕು ಅದು, ಒತ್ತಡಕ್ಕೆ ಮಾಡಿದ್ದಲ್ಲ.

ಹೊದಿಕೆ

13 ಮಿಮೀ ದಪ್ಪದ ನೈಟ್ರೈಲ್ ರಬ್ಬರ್ ತೋಳನ್ನು ಕೀಲು ಹಾಕುವ ಮೊದಲೇ ಪೈಪಿಗೆ ಪೋಣಿಸಿಕೊಂಡರೆ ಸುಲಭ. ಬಿಸಿಲಿಗೆ ಬಿಟ್ಟ ಬರಿಯ ರಬ್ಬರು ಒಂದೆರಡು ಬೇಸಿಗೆಗೆ ಹಪ್ಪಳದಂತೆ ಮುರಿದು ಉದುರುತ್ತದೆ. ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿ. ಹೊದಿಕೆಯಿಲ್ಲದೆ ಉಳಿದ ಸಿಪಿವಿಸಿಗೆ ನೀರು ಬೆರೆಸುವ ಬಿಳಿ ಪೇಂಟು ಎರಡು ಕೈ ಹೊಡೆಯಿರಿ. ಎಣ್ಣೆ ಪೇಂಟು ಬೇಡ, ಕಾರಣ ಮೇಲೆ ಹೇಳಿದ್ದೇ.

ನೀರು ತುಂಬುವ ದಿನ

ಟ್ಯೂಬುಗಳನ್ನು ಕೊನೆಗೆ ಕೂಡಿಸಿ. ಬಾಯಿಗೆ ಸೋಪಿನ ನೀರು ಸವರಿ, ತಿರುವುತ್ತ ರಬ್ಬರ್ ಉಂಗುರದೊಳಗೆ ಏರಿಸಿ. ಅಲ್ಲಿಯವರೆಗೆ ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆಯಬೇಡಿ. ಖಾಲಿ ಟ್ಯೂಬಿನ ಒಳಗೆ ಬಿಸಿಲಿಗೆ 200 ಡಿಗ್ರಿ ದಾಟುತ್ತದೆ, ಅದಕ್ಕೆ ತಣ್ಣೀರು ಬಿದ್ದರೆ ಚಟ್ಟೆಂದು ಸೀಳುತ್ತದೆ. ಆದ್ದರಿಂದ ನೀರು ತುಂಬುವುದು ಸೂರ್ಯ ಹುಟ್ಟುವ ಮೊದಲು ಅಥವಾ ರಾತ್ರಿ. ಮುಂದೆಂದಾದರೂ ಸೋಲಾರ್ ಬರಿದಾಗಿ ಒಣಗಿದರೂ ಇದೇ ನಿಯಮ. ಮಧ್ಯಾಹ್ನ ನೀರು ಬಂತೆಂದು ವಾಲ್ವ್ ತೆರೆಯಬೇಡಿ.

ಕೆಳಗಿನ ಬಿಸಿನೀರಿನ ನಳಗಳನ್ನೆಲ್ಲ ತೆರೆದಿಟ್ಟು ತಣ್ಣೀರಿನ ವಾಲ್ವ್ ನಿಧಾನಕ್ಕೆ ಬಿಡಿ. ಅತಿ ಕೆಳಗಿನ ನಳದಲ್ಲಿ ಉಗುಳುವುದು ನಿಂತು ಒಂದೇ ಸಮ ಧಾರೆ ಬಂದ ಮೇಲೆ ಅದನ್ನು ಮುಚ್ಚಿ, ಆಮೇಲೆ ಅದರ ಮೇಲಿನದು. ಹೀಗೆ ಕೆಳಗಿನಿಂದ ಮೇಲಕ್ಕೆ ಬನ್ನಿ.

ಮೋಡದ ದಿನಗಳಿಗೆ ಟ್ಯಾಂಕಿನಲ್ಲಿ 2 ಕಿಲೋವ್ಯಾಟ್ ಕಾಯಿಲ್ ಹಾಕಿಸುವವರಿಗೆ ಒಂದು ಲೆಕ್ಕ: 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು 4 ಯುನಿಟ್, ಎರಡು ಗಂಟೆ. ವೈರು 2.5 ಚದರ ಮಿಮೀ ತಾಮ್ರ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಗಟ್ಟಿ ಅರ್ಥಿಂಗ್ ಮೂರೂ ಇರಲೇಬೇಕು. ಗೀಸರನ್ನು ಸಾಲಿನಲ್ಲಿ ಸೇರಿಸುವುದಾದರೆ ಅದರ ತಣ್ಣೀರಿನ ಬಾಯಲ್ಲಿರುವ ಸುರಕ್ಷಾ ವಾಲ್ವ್ ಹನಿಯುತ್ತದೆಂದು ಅದಕ್ಕೆ ಬಿರಡೆ ಹಾಕಬೇಡಿ. ಹನಿಯುವುದೇ ಅದರ ಕೆಲಸ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಗಾಳಿ ಪೈಪಿನಿಂದ ದಿನವಿಡೀ ನೀರು ಚೆಲ್ಲುತ್ತಿದೆ, ಪೈಪಿನ ಎತ್ತರ ಸರಿಯಿದೆ. ಹಾಗಿದ್ದರೆ ತಣ್ಣೀರಿನ ಸಾಲಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸಿದ್ದೀರಾ ನೋಡಿ. ಮಿಕ್ಸರಿನೊಳಗೆ ಜೋರಿನ ತಣ್ಣೀರು ದುರ್ಬಲವಾದ ಬಿಸಿ ಸಾಲಿಗೆ ನುಗ್ಗಿ, ಹಿಂದಕ್ಕೆ ಹತ್ತಿ, ಸೋಲಾರನ್ನು ತುಂಬಿ ಹೊರಚೆಲ್ಲುತ್ತದೆ. ಮಿಕ್ಸರ್ ತೆರೆದಿಟ್ಟು ತುದಿಯ ಹ್ಯಾಂಡ್ ಷವರನ್ನು ಮಾತ್ರ ಮುಚ್ಚುವ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಬಿಸಿ, ತಣ್ಣೀರು ಎರಡೂ ಒಂದೇ ಟ್ಯಾಂಕಿನ ಎತ್ತರದಿಂದ ಬರುವಂತೆ ಮಾಡುವುದೇ ಸರಿಯಾದ ಪರಿಹಾರ.

ಎಲ್ಲ ನಳದಲ್ಲೂ ಧಾರೆ ಸಣ್ಣದಾಗಿದ್ದರೆ ಗಾಳಿ ಅಥವಾ ವಾಲ್ವ್. ಒಂದೇ ನಳದಲ್ಲಾದರೆ ಸುಣ್ಣ. ಷವರ್ ತಲೆಯನ್ನು ಬಿಚ್ಚಿ, ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ನಿಂಬೆಉಪ್ಪು ಕದಡಿ, ಒಂದೆರಡು ಗಂಟೆ ನೆನೆಹಾಕಿ ಬ್ರಷ್‌ನಿಂದ ಉಜ್ಜಿ. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಗೆ ಹಾಕಿಸುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ, ಸ್ಟೀಲನ್ನು ಅದು ತಿನ್ನುತ್ತದೆ.

ನೀರು ಮೊದಲಿನಷ್ಟು ಕಾಯದಿದ್ದರೆ ಮಧ್ಯಾಹ್ನ ಟ್ಯೂಬುಗಳನ್ನು ಒಂದೊಂದಾಗಿ ಮುಟ್ಟಿ. ಒಳಗೆ ನೀರು ಸುಡುತ್ತಿದ್ದರೂ ಒಳ್ಳೆಯ ಟ್ಯೂಬಿನ ಹೊರಗಾಜು ಅಷ್ಟಾಗಿ ಬಿಸಿ ಇರುವುದಿಲ್ಲ. ಹೊರಗಾಜೇ ಕಾದಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ. ಬುಡ ನೋಡಿದರೆ ಖಾತ್ರಿಯಾಗುತ್ತದೆ: ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿ ಬಣ್ಣ ಅಲ್ಲಿ ಹಾಲಿನಂತೆ ಬೆಳ್ಳಗಾಗಿರುತ್ತದೆ. ಆ ಒಂದು ಟ್ಯೂಬು ಬದಲಿಸಿದರೆ ಸಾಕು. ಎಲ್ಲವೂ ಚೆನ್ನಾಗಿದ್ದರೆ ಧೂಳು. ಗಣಿ ಲಾರಿಗಳ ದಾರಿಯ ಬಳ್ಳಾರಿ, ಸಂಡೂರಿನ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ, ಒದ್ದೆ ಬಟ್ಟೆಯಿಂದ ಒರೆಸಬೇಕು.

ತಿಂಗಳಿಗೊಮ್ಮೆ ಕೊಳೆ ವಾಲ್ವನ್ನು ಮುಂಜಾನೆ ಒಂದು ಬಕೆಟ್ಟಿನಷ್ಟು ಬಿಡಿ. ಬೋರಿನ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಟ್ಯೂಬು ಇಳಿಸಿ ಬುಡದ ಸುಣ್ಣ ತೆಗೆಸಿ. ಗಾಜಿನ ಲೇಪದ ಟ್ಯಾಂಕಾದರೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ತಾನು ಸವೆಯುವ ಮೆಗ್ನೀಸಿಯಂ ಕಡ್ಡಿಯನ್ನು ಅದೇ ಸಲ ನೋಡಿ. ತಂತಿಯಷ್ಟು ಸವೆದಿದ್ದರೆ ಬದಲಿಸಿ. ಗಾಳಿ ಪೈಪಿನ ಜಾಲರಿಯನ್ನೂ ಆಗಲೇ ಬಿಚ್ಚಿ ಊದಿ ನೋಡಿ.

ಮಾರ್ಚ್ ಬಂತೆಂದರೆ ತಣ್ಣೀರಿನ ನಳವೇ ಬಿಸಿ ಕಾರುತ್ತದೆ, ಸೋಲಾರಿನ ನೀರನ್ನು ಯಾರೂ ಕೇಳುವುದಿಲ್ಲ. ಆಗ ಅರ್ಧ ಟ್ಯೂಬುಗಳಿಗೆ ಗೋಣಿತಟ್ಟು ಹೊದಿಸಿ ಹಗ್ಗ ಕಟ್ಟಿ. ಊರಿಗೆ ಹೋಗುವಾಗ ಪೂರ್ತಿ ಹೊದಿಸಿ, ತಣ್ಣೀರಿನ ವಾಲ್ವ್ ಮಾತ್ರ ತೆರೆದೇ ಇಡಿ. ಜೂನಿನ ಮೊದಲ ಮಳೆ ಬಿದ್ದು ಮುಂಜಾನೆ ಮೈಗೆ ತಂಪು ತಾಗಿದ ದಿನ ಗೋಣಿತಟ್ಟು ತೆಗೆಯಬಹುದು.